ಕೂಸಿನ ಬಾಯಿ ಕಾದ ಹದಿನೆಂಟು ತಿಂಗಳು

ಸಿಂಧನೂರಿನ ದವಾಖಾನೆಯ ವರಾಂಡದಲ್ಲಿ ಕೂತು ಕೂತು ನನಗೊಂದು ವಿದ್ಯೆ ಬಂದಿದೆ. ಬೆಂಚಿನ ಮೇಲೆ ಯಾರು ಹೇಗೆ ಕೂತಿದ್ದಾರೆ ಎಂದು ನೋಡಿದರೆ ಸಾಕು, ಅವರು ಎಷ್ಟನೆಯ ಸಲ ಬಂದವರು ಎಂದು ಹೇಳಬಲ್ಲೆ. ಹಳಬರು ಚಪ್ಪಲಿ ಬಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ಬುತ್ತಿ ಬಿಚ್ಚುತ್ತಾರೆ, ತೂಕಡಿಸುತ್ತಾರೆ, ಪಕ್ಕದವರ ಮಗಳ ಮದುವೆ ವಿಚಾರಿಸುತ್ತಾರೆ. ಹೊಸಬರು ಬೆಂಚಿನ ತುದಿಗೆ ಕೂರುತ್ತಾರೆ, ಈಗ ಎದ್ದು ಓಡುತ್ತೇವೆ ಎನ್ನುವ ಹಾಗೆ.

ಹೋದ ತಿಂಗಳು ಗುಳಿಗೆ ತರಲು ಹೋದಾಗ ಅಂಥದೊಂದು ಹುಡುಗಿ ತುದಿಗೆ ಕೂತಿತ್ತು. ನಾಲ್ಕೋ ಐದೋ ತಿಂಗಳ ಬಸುರಿ. ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದಿತ್ತು. ಪಕ್ಕದಲ್ಲಿ ಕೂತು ಏನಾದರೂ ಹೇಳೋಣವೆಂದರೆ ಬಾಯಿ ಬರಲಿಲ್ಲ. "ನೀರು ಕುಡೀತಿಯೇನವ್ವಾ?" ಎಂದಷ್ಟೇ ಕೇಳಿದೆ. ಬೇಡವೆಂದು ತಲೆಯಾಡಿಸಿತು. ಅವತ್ತು ಅದಕ್ಕೆ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ನನ್ನ ಹೆಸರು ಬೇಡ. ಹೆಸರಿಲ್ಲದಿದ್ದರೂ ಕತೆ ಅರ್ಥವಾಗುತ್ತದೆ.

ನನ್ನ ತವರು ಮುದಗಲ್. ಕೊಟ್ಟದ್ದು ಸಿಂಧನೂರು ತಾಲೂಕಿನ ಮುಕ್ಕುಂದಕ್ಕೆ. ನಮ್ಮ ಮನೆಯವರು ಭತ್ತ ಕೊಯ್ಯುವ ಮಷಿನ್ನಿನ ಡ್ರೈವರ್. ನಮ್ಮ ಕಡೆ ಕೊಯ್ಲು ಮುಗಿಯಿತೆಂದರೆ ಮಷಿನ್ ಹೊರಡುತ್ತದೆ, ಅದರ ಜೊತೆಗೆ ಅವರೂ ಹೊರಡುತ್ತಾರೆ. ತೆಲಂಗಾಣದ ಕಡೆ ತಿಂಗಳುಗಟ್ಟಲೆ. ನಾನು ಮನೆಯಲ್ಲೇ ಜಂಪರ್, ಅಂದರೆ ರವಿಕೆ, ಹೊಲಿಯುತ್ತೇನೆ. ಮದುವೆಯಾಗಿ ಎರಡನೆಯ ವರ್ಷಕ್ಕೆ ಬಸಿರು ನಿಂತಿತು. ನಾಲ್ಕನೆಯ ತಿಂಗಳಲ್ಲಿ, ಎಲ್ಲ ಬಸುರಿಯರಿಗೂ ಮಾಡುವ ಹಾಗೆ, ನನಗೂ ರಕ್ತ ಪರೀಕ್ಷೆ ಮಾಡಿದರು.

ಹೊರಗೆ ಕೂತಿದ್ದೆ. ಒಬ್ಬ ಸಿಸ್ಟರ್ ಬಂದು ನನ್ನ ಹೆಸರು ಕೂಗದೆ, ಹತ್ತಿರ ಬಂದು ಭುಜ ಮುಟ್ಟಿ ಕರೆದರು. ಅವರೇ ಎಸ್ತರಮ್ಮ. ಆಂಧ್ರದಿಂದ ಬಂದ ರೈತರ ನೀರಾವರಿ ಕ್ಯಾಂಪೊಂದರಲ್ಲಿ ಹುಟ್ಟಿ ಬೆಳೆದವರು, ಮನೆಮಾತು ತೆಲುಗು. ಕನ್ನಡ ನಮ್ಮದೇ ಥರ, ಆದರೆ ಮುಖ್ಯವಾದ ಮಾತು ಇದ್ದಾಗ "ಚೂಡಮ್ಮಾ" ಎಂದು ಶುರು ಮಾಡುತ್ತಾರೆ. ನೋಡಮ್ಮಾ ಎಂದು ಅರ್ಥ. ಆ ಮಾತು ಕೇಳಿದರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

"ಚೂಡಮ್ಮಾ, ಇನ್ನೊಂದ್ಸಲ ರಕ್ತ ತಗೋಬೇಕು."

"ಯಾಕ್ರೀ ಸಿಸ್ಟರ್, ಮೊದ್ಲಿಂದು ಸಾಲಲಿಲ್ಲೇನ್ರಿ?"

"ಸಾಕಾಗೈತಿ. ಖಾತ್ರಿ ಮಾಡ್ಕೋಬೇಕು."

ಖಾತ್ರಿಯಾಯಿತು. ಒಳಗೆ ಕರೆದು ಬಾಗಿಲು ಹಾಕಿ, ಎದುರಿಗಲ್ಲ, ನನ್ನ ಮಗ್ಗುಲಿಗೆ ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ದನಿ ತಗ್ಗಿಸಲಿಲ್ಲ, ಏರಿಸಲಿಲ್ಲ. "ನಿನಗ ಎಚ್‌ಐವಿ ಐತಮ್ಮಾ." ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು. ಆಮೇಲೆ ಅವರು ಹೇಳಿದ ಹತ್ತು ಮಾತಿನಲ್ಲಿ ಒಂಬತ್ತು ನನಗೆ ಕೇಳಿಸಲೇ ಇಲ್ಲ. ಕಾಲುವೆಯ ನೀರಿನಲ್ಲಿ ತಲೆ ಮುಳುಗಿಸಿದಾಗ ದಂಡೆಯ ಮೇಲಿನವರ ಮಾತು ಕೇಳುತ್ತದಲ್ಲ, ಹಾಗೆ. ನಾನು ಕೇಳಿದ್ದು ಒಂದೇ.

"ಕೂಸನ್ನ ತಗಸಬೇಕೇನ್ರಿ?"

"ಯಾರ್ ಹೇಳ್ಯಾರ ಹಂಗಂತ? ಕೂಸು ತನ್ನ ಕೆಲಸ ತಾ ಮಾಡಾಕತ್ತೈತಿ, ಬೆಳಿಯಾಕತ್ತೈತಿ. ನಿನ್ನ ಕೆಲಸ ದಿನಾ ಒಂದು ಗುಳಿಗಿ ನುಂಗೋದು. ನನ್ನ ಕೆಲಸ ನೀ ನುಂಗಿದೆಯೋ ಇಲ್ಲೋ ಅಂತ ನಿನ್ನ ಬೆನ್ನು ಹತ್ತೋದು. ನಿನ್ನ ಬೇಮಾರಿ ಆ ಕೂಸಿಗಿ ದಾಟಬಾರದು. ಉಳಿದ ಫಿಕರ್ ಎಲ್ಲಾ ಆಮ್ಯಾಲೆ."

ಆಮೇಲೆ ಚಹಾ ತರಿಸಿದರು. ಬಿಸ್ಕೀಟು ಅದ್ದಿ ಕೈಗೆ ಕೊಟ್ಟರು, ಸಣ್ಣ ಹುಡುಗಿಗೆ ಕೊಟ್ಟ ಹಾಗೆ. "ಮುಕ್ಕುಂದದ ಬಸ್ ಎಷ್ಟಕ್ಕೈತಿ?" ಎಂದು ಕೇಳಿ, ಆ ಹೊತ್ತಿನವರೆಗೆ ನನ್ನನ್ನು ಹೊರಗೆ ಬಿಡಲಿಲ್ಲ. ಎಲ್ಲಿ ಹೋಗಿ ಏನು ಮಾಡಿಕೊಳ್ಳುತ್ತಾಳೋ ಎಂಬ ಅಂಜಿಕೆ ಅವರಿಗಿತ್ತು ಎಂದು ಈಗ ತಿಳಿಯುತ್ತದೆ. ಆಗ, ಯಾಕೆ ನನ್ನನ್ನು ಕೂಡಿಹಾಕಿದ್ದಾರೆ ಎಂದು ಸಿಟ್ಟು ಬಂದಿತ್ತು.

ಅವರ ನಂಬರನ್ನು ಫೋನಿನಲ್ಲಿ 'ಜಂಪರ್ ಗಿರಾಕಿ' ಎಂದು ಬರೆದಿಟ್ಟುಕೊಂಡೆ. ಎರಡು ದಿನಕ್ಕೊಮ್ಮೆ ಫೋನ್ ಬರುತ್ತಿತ್ತು. ಗುಳಿಗೆ ತಗೊಂಡೆಯಾ, ವಾಂತಿ ಆಯಿತಾ, ತಲೆ ತಿರುಗಿತಾ. ನಮ್ಮ ಅತ್ತೆ ಒಂದು ದಿನ ಅಕ್ಕಿ ಹಸನು ಮಾಡುತ್ತ ಅಂದರು: "ಯಾರಬೇ ಈ ಗಿರಾಕಿ? ಎಷ್ಟ್ ಜಂಪರ್ ಹೊಲಸ್ತಾಳ? ಆಕಿ ಮೈ ಏನ್ ದಿನಾ ಬೆಳೀತೈತೇನು?" ನಗಬೇಕಾಗಿತ್ತು, ನಗಲು ಶಕ್ತಿ ಇರಲಿಲ್ಲ. ಬಸುರಿನ ಸುಸ್ತೋ ಗುಳಿಗೆಯ ಸುಸ್ತೋ ತಿಳಿಯುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಿ, ಅದನ್ನೇ ಹಿಡಿದು ಕೂತಲ್ಲೇ ಕಣ್ಣು ಮುಚ್ಚುತ್ತಿದ್ದವು. ರಕ್ತ ಕಡಿಮೆ ಇದೆ, ಅದಕ್ಕೆ ಗುಳಿಗೆ ಎಂದು ಅತ್ತೆಗೆ ಹೇಳಿದ್ದೆ. ಡಬ್ಬಿಯ ಮೇಲಿನ ಚೀಟಿಯನ್ನು ನೀರು ಹಚ್ಚಿ ಕಿತ್ತಿದ್ದೆ.

ನಮ್ಮ ಮನೆಯವರು ತೆಲಂಗಾಣದಿಂದ ಬಂದ ದಿನವೇ ಹೇಳಿದೆ. ಎರಡು ದಿನ ಮಾತೇ ಇಲ್ಲ. ಮೂರನೆಯ ದಿನ, "ನಡಿ, ಬಿಟ್ಟು ಬರ್ತೀನಿ" ಎಂದು ಗಾಡಿಯ ಮೇಲೆ ದವಾಖಾನೆಗೆ ಕರೆದುಕೊಂಡು ಬಂದರು, ಆದರೆ ಒಳಗೆ ಬರಲಿಲ್ಲ. ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಅದರ ಮೇಲೇ ಕೂತರು. ಎಷ್ಟು ಹೇಳಿದರೂ, "ನನಗೇನಾಗೇತಿ? ನಾ ಯಾಕ ಬರ್ಲಿ?" ಎಂಬುದೊಂದೇ ಮಾತು.

ಎಸ್ತರ್ ಸಿಸ್ಟರ್ ಕಿಟಕಿಯಿಂದ ನೋಡಿದರು. ಹೊರಗೆ ಹೋಗಿ, "ಅಣ್ಣಾ, ನಡ ನೋವಾಗೈತಿ, ಈ ನೀರಿನ ಕ್ಯಾನ್ ಜರಾ ಒಳಗ ಇಡ್ತೀಯೇನು?" ಎಂದರು. ಕ್ವಿಂಟಲ್ ಚೀಲ ಹೊತ್ತು ಬೆಳೆದವರು, ಹೆಣ್ಣುಮಗಳು ಕೇಳಿದರೆ ಇಲ್ಲ ಅನ್ನುತ್ತಾರೆಯೇ? ಕ್ಯಾನನ್ನು ಹೆಗಲಿಗೇರಿಸಿ ತಂದು ಕೋಣೆಯ ಮೂಲೆಯಲ್ಲಿಟ್ಟರು. ತಿರುಗಿ ನೋಡಿದರೆ ಸಿಸ್ಟರ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು.

"ಬಂದೀದಿ, ಈಗ ಕುಂಡ್ರು. ಸೂಜಿಗಿ ಹೆದರ್ತಿಯೋ, ನನಗ ಹೆದರ್ತಿಯೋ?"

"ಯಾರಿಗೂ ಹೆದರಂಗಿಲ್ರಿ ನಾ" ಎಂದರು ಇವರು, ಮತ್ತೆ ಅಲ್ಲೇ ಕುಸಿದು ಕೂತು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ರಕ್ತ ತೆಗೆದು ನೋಡಿದರು, ಅವರಿಗೂ ಇತ್ತು. ಯಾರಿಂದ ಯಾರಿಗೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಸಿಸ್ಟರ್ ಕೈ ಅಡ್ಡ ಹಿಡಿದರು. "ಆ ಜಗಳ ಮಾಡಾಕ ಜನ್ಮ ಪೂರ್ತಿ ಐತಿ. ಕೂಸು ಹುಟ್ಟಾಕ ಐದು ತಿಂಗಳ ಐತಿ. ಯಾವ್ದು ಮೊದ್ಲು?" ಆ ಜಗಳ ಆಮೇಲೆ ಆಗದೆ ಇರಲಿಲ್ಲ. ಆಯಿತು, ಬೇಕಾದಷ್ಟು ಸಲ ಆಯಿತು. ಆದರೆ ಇಬ್ಬರೂ ಗುಳಿಗೆ ನುಂಗಿ ಆಮೇಲೆ ಜಗಳವಾಡುತ್ತಿದ್ದೆವು.

ಏಳನೆಯ ತಿಂಗಳಲ್ಲಿ ಕುಬಸ. ಹಸಿರು ಸೀರೆ, ಹಸಿರು ಬಳೆ, ತವರಿನಿಂದ ಬುತ್ತಿ, ಓಣಿಯ ಹೆಂಗಸರ ಹಾಡು. ಅದು ಮುಗಿಯಿತೆಂದರೆ ಚೊಚ್ಚಲ ಹೆರಿಗೆಯವಳು ತವರಿಗೆ ಹೋಗಬೇಕು. ಹೋಗುವ ಮೊದಲು ಸಿಸ್ಟರನ್ನು ಕಾಣಲು ಹೋದೆ.

"ಬಾಣಂತನ ಎಲ್ಲಿ?"

"ಮುದಗಲ್ಲಾಗ್ರಿ. ಅವ್ವನ ಮನ್ಯಾಗ."

ಪೆನ್ನು ಕೆಳಗಿಟ್ಟರು. "ಹೋಗು. ಬ್ಯಾಡಂದ್ರ ಊರು ಯಾಕ ಅಂತ ಕೇಳ್ತೈತಿ. ಹೆರಿಗಿ ಲಿಂಗಸುಗೂರು ದವಾಖಾನ್ಯಾಗ ಆಗ್ಲಿ, ಅಲ್ಲಿ ಸಿಸ್ಟರ್‌ಗೆ ನಾ ಹೇಳ್ತೀನಿ. ಆದ್ರ ಚೂಡಮ್ಮಾ, ಹೆರಿಗಿ ಒಂದು ದಿನದ್ದು. ಬಾಣಂತನ ತಿಂಗಳಗಟ್ಲೆ. ಆ ಮನ್ಯಾಗ ಕೂಸಿನ ಬಾಯಿ ಯಾರು ಕಾಯ್ತಾರ?"

"ಬಾಯಿ ಕಾಯೋದಂದ್ರ?"

"ನಾವು ಕೊಡೋ ಔಷಧ, ನಿನ್ನ ಹಾಲು. ಇವೆರಡು ಬಿಟ್ರ ಆರು ತಿಂಗಳು ಆ ಬಾಯಾಗ ಏನೂ ಹೋಗಬಾರದು. ಜೇನತುಪ್ಪ ಬ್ಯಾಡ, ಸಕ್ರಿ ನೀರು ಬ್ಯಾಡ, ಬೇರು ತೇದ ಗುಟ್ಟಿ ಬ್ಯಾಡ, ಯಾರ್ದೋ ಮನಿ ಆಕಳ ಹಾಲೂ ಬ್ಯಾಡ. ನೀ ಗುಳಿಗಿ ನುಂಗಿ ಬರೀ ನಿನ್ನ ಹಾಲು ಕುಡಿಸಿದ್ರ ಬಾಳ ಭರೋಸಾ ಐತಿ. ಅದರಾಗ ಬ್ಯಾರೇದು ಕಲಸಿದ್ರ ಸಣ್ಣ ಕರುಳು ಕೆಡ್ತೈತಿ, ಬೇಮಾರಿಗಿ ದಾರಿ ಸಿಗ್ತೈತಿ."

"ನಾನ ಕಾಯ್ತೀನ್ರಿ."

"ನೀ ಜಳಕಕ್ಕ ಹೋದಾಗ? ನಿನಗ ನಿದ್ದಿ ಹತ್ತಿದಾಗ? ಒಬ್ಬರಿಗೆ ಹೇಳ್ಬೇಕು. ಊರಿಗೆಲ್ಲಾ ಬ್ಯಾಡ, ಒಬ್ಬರಿಗೆ ಸಾಕು."

"ಅವ್ವಗ ಹೇಳಿದ್ರ ಆಕಿ ಸಾಯ್ತಾಳ್ರಿ."

"ಇಷ್ಟು ವರ್ಷದಾಗ ಎಷ್ಟೋ ಅವ್ವಗೋಳಿಗಿ ಗೊತ್ತಾಗೈತಿ. ಯಾರೂ ಸತ್ತಿಲ್ಲ. ನಾ ಅಂತೂ ಹೇಳಂಗಿಲ್ಲ. ನಿನ್ನ ಒಪ್ಪಿಗಿ ಇಲ್ದ ಹೇಳಾಕ ನನಗ ಹಕ್ಕಿಲ್ಲ. ನೀನ ಹೇಳು."

ಹೂಂ ಅಂದೆ. ಹೇಳಲಿಲ್ಲ. ನನ್ನ ಅವ್ವ ಗಂಡ ಸತ್ತ ಮೇಲೆ ರೊಟ್ಟಿ ಬಡಿದು, ಖಾನಾವಳಿಗಳಿಗೆ ಮಾರಿ, ನನ್ನನ್ನೂ ಅಣ್ಣನನ್ನೂ ಬೆಳೆಸಿದವಳು. ಅಣ್ಣ ಈಗ ಬೇರೆ ಊರಲ್ಲಿ ಇದ್ದಾನೆ. ಒಲೆಯ ಮುಂದೆ ಬೆವೆತ ಆ ಮುಖ ನೋಡಿದಾಗಲೆಲ್ಲ, ನಾಳೆ ಹೇಳೋಣ ಅನ್ನಿಸುತ್ತಿತ್ತು. ಹೀಗೆ ನಾಳೆ ನಾಳೆ ಎನ್ನುತ್ತಲೇ ನೋವು ಬಂದವು.

ಲಿಂಗಸುಗೂರಿನಲ್ಲಿ ಹೆರಿಗೆ ಕೋಣೆಯ ಸಿಸ್ಟರ್ ನನ್ನ ಕಾರ್ಡು ಓದಿದರು. ಈಗ ಮುಖ ಗಂಟಿಕ್ಕುತ್ತಾರೆ, ಈಗ ದೂರ ನಿಲ್ಲುತ್ತಾರೆ ಎಂದು ಕಾಯುತ್ತಿದ್ದೆ. ಅವರು ನನ್ನ ಕೂದಲು ಹಿಂದಕ್ಕೆ ಸರಿಸಿ, "ನಿನ್ನ ಎಸ್ತರಮ್ಮ ಮುಂಜಾನಿಂದ ಮೂರು ಸಲ ಫೋನ್ ಮಾಡ್ಯಾಳ. ನೀ ಏನ್ ಆಕಿ ತಂಗೀ ಏನು?" ಎಂದರು. ನೋವಿನಲ್ಲೂ ಆ ಮಾತು ಹಿಡಿದುಕೊಂಡು ಹೆತ್ತೆ. ಹೆಣ್ಣು. ಹೊರಗೆ ಕಾಯುತ್ತಿದ್ದ ಅವ್ವ ಮೊಮ್ಮಗಳ ಮುಖ ನೋಡುವ ಮೊದಲೇ ಕೂಸಿನ ಬಾಯಿಗೆ ಔಷಧದ ಮೊದಲ ಹನಿ ಬಿದ್ದಾಗಿತ್ತು.

ಮುದಗಲ್ಲಿಗೆ ಬಂದೆವು. ದಿನಾ ಆ ಹನಿ ಹಾಕುವಾಗ ಅವ್ವ, "ಏನದು?" ಎಂದರೆ, "ಹಳದಿ ಕಾಮಾಣಿ ಬರಬಾರದಂತ ಕೊಟ್ಟಾರ" ಎಂದು ಸುಳ್ಳು ಹೇಳುತ್ತಿದ್ದೆ. ಎಂಟು ದಿನ ನಾನು ನಿದ್ದೆ ಮಾಡಲಿಲ್ಲ ಎಂದರೆ ನಡೆಯುತ್ತದೆ. ನೆರೆಯವಳು ಜೇನುತುಪ್ಪದ ಬೆರಳು ತಂದರೆ ಕೂಸನ್ನು ಎದೆಗೆ ಹಚ್ಚುತ್ತಿದ್ದೆ. ಇನ್ನೊಬ್ಬಳು ಬಜೆಯ ಕೊರಡು ತೇಯಲು ಕೂತರೆ, ಕೂಸು ಮಲಗಿದೆ ಎನ್ನುತ್ತಿದ್ದೆ.

ಒಂಬತ್ತನೆಯ ದಿನ ಬಚ್ಚಲಲ್ಲಿದ್ದೆ. ಸುಡುಸುಡು ನೀರು, ಎಷ್ಟೋ ದಿನದ ನಿದ್ದೆ, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದೆ. ಊರ ಅಗಸೆ ಬಾಗಿಲ ಕಡೆಯಿಂದ ಕೂಗು ಬಂತು: "ಕತ್ತಿ ಹಾಲ್ರೀ... ಕತ್ತಿ ಹಾಲು..." ಚಿಕ್ಕಂದಿನಿಂದ ಕೇಳಿದ ಕೂಗು. ಕತ್ತೆಯವಳು ತನ್ನ ಕತ್ತೆ ಹೊಡೆದುಕೊಂಡು ಓಣಿ ಓಣಿ ತಿರುಗಿ, ಕೂಸಿದ್ದ ಮನೆಯ ಮುಂದೆಯೇ ಹಾಲು ಕರೆದು ಕೊಡುತ್ತಾಳೆ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇನ್ನೊಂದು ತಂಬಿಗೆ ನೀರು ಹಾಕಿಕೊಂಡ ಮೇಲೆ ತಿಳಿದು, ತಂಬಿಗೆ ಎಸೆದು ಎದ್ದೆ.

ಒದ್ದೆ ಸೀರೆ ಸುತ್ತಿಕೊಂಡು ಹೊರಗೆ ಬಂದರೆ, ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಹಾಲು ಹಾಕುವ ಒಳಲೆಯ ಮೂತಿಯನ್ನು ಅದರ ತುಟಿಗೆ ಇಟ್ಟಿದ್ದಳು. ನಾನು ಕಿರುಚಿದ್ದಕ್ಕೆ ಬಾಗಿಲಲ್ಲಿದ್ದ ಕತ್ತೆಯೂ ಹಿಂದೆ ಸರಿಯಿತು.

"ಯಾಕ ಹಂಗ ಚೀರ್ತೀ ಬೇ? ಹಾವು ಕಂಡಿಯೇನು?"

"ಏನ್ ಹಾಕಿದಿ? ಎಷ್ಟ್ ಹಾಕಿದಿ?"

"ಹಾಲ್ ಹಾಕೀನಿ, ಇಸಾ ಹಾಕಿಲ್ಲ. ನಿನಗೂ ಹಾಕೀನಿ, ನಿಮ್ಮಣ್ಣಗೂ ಹಾಕೀನಿ. ಸತ್ತೀರೇನು?"

ಕತ್ತೆಯವಳು ಬಾಗಿಲಿಂದಲೇ ಸೇರಿಸಿದಳು: "ಈ ಓಣ್ಯಾಗ ನನ್ನ ಕತ್ತಿ ಹಾಲು ಕುಡೀಲಾರದ ಕೂಸು ಒಂದು ತೋರಸ್ರಿ ನೋಡೂಣು. ಪಂದ್ಯ ಕಟ್ತೀನಿ."

ಕೂಸನ್ನು ಕಸಿದುಕೊಂಡು, ಸೆರಗಿನ ತುದಿಯಿಂದ ಅದರ ನಾಲಿಗೆ ಒರೆಸಿದೆ. ಅದು ಅತ್ತಿತು. ಅವ್ವನ ಮುಖ ಸಣ್ಣದಾಯಿತು. ಓಣಿಯವರ ಮುಂದೆ ಮಗಳು ತನ್ನ ಕೈಯಿಂದ ಕೂಸು ಕಸಿದಳಲ್ಲ ಎಂದು.

ಹಿತ್ತಲಿಗೆ ಹೋಗಿ ಸಿಸ್ಟರಿಗೆ ಫೋನ್ ಮಾಡಿದೆ. ಅಳುತ್ತಲೇ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಎಷ್ಟು ಹೋಗೈತಿ ಒಳಗ?"

"ಒಂದು ಹನಿ, ಎರಡು ಹನಿ. ಗೊತ್ತಿಲ್ರಿ."

"ಸರಿ. ನಿನ್ನ ಹಾಲು ನಿಲ್ಲಸಬ್ಯಾಡ. ಔಷಧ ತಪ್ಪಸಬ್ಯಾಡ. ಐತವಾರ ನನಗ ಸೂಟಿ ಐತಿ. ಬರ್ತೀನಿ." ಆಮೇಲೆ, "ಹೇಳಾಕ ಅಲ್ಲ. ಹೇಳೋದು ನೀನ. ನಾ ಬಾಜೂಕ ಕುಂಡ್ರತೀನಿ, ಅಷ್ಟ" ಎಂದರು.

ಐತವಾರ ಬಿಸಿಲೇರುವ ಹೊತ್ತಿಗೆ ಬಂದರು. ನರ್ಸಿನ ಬಿಳಿ ಬಟ್ಟೆ ಇಲ್ಲ, ಸಾದಾ ನೂಲಿನ ಸೀರೆ. ಮಸ್ಕಿಯಲ್ಲಿ ಬಸ್ಸು ಬದಲಿಸಿ ಬಂದಿದ್ದರು, ಪಾದ ಬಾತಿದ್ದವು. ನನ್ನ ಗಿರಾಕಿ ಎಂದು ಅವ್ವನಿಗೆ ಪರಿಚಯ ಮಾಡಿಸಿದೆ. ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸಿಸ್ಟರ್ ಅಲ್ಲೇ ನೆಲದ ಮೇಲೆ ಕೂತು, ಬಿಸಿ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಹಾಕಿಸಿಕೊಂಡು ತಿಂದರು. ಎರಡನೆಯ ರೊಟ್ಟಿ ತಿಂದರು. ಹೊಲಮನೆ ವಿಚಾರಿಸಿದರು. ನನ್ನ ಕಡೆ ನೋಡಲೇ ಇಲ್ಲ. ಮೂರನೆಯ ರೊಟ್ಟಿಗೆ ಕೈ ಚಾಚಿದಾಗ ನನಗೆ ತಿಳಿಯಿತು, ನಾನು ಬಾಯಿ ಬಿಡುವವರೆಗೆ ಈ ಹೆಂಗಸು ತಿನ್ನುತ್ತಲೇ ಇರುತ್ತಾಳೆ.

ಹೇಳಿದೆ. ಹೇಗೆ ಹೇಳಿದೆ ಎಂದು ನೆನಪಿಲ್ಲ. ಅವ್ವನ ಕೈ ನಿಲ್ಲಲಿಲ್ಲ. ಹಿಟ್ಟು ತಿರುವಿ ತಿರುವಿ ಬಡಿಯುತ್ತಲೇ ಇದ್ದಳು, ರೊಟ್ಟಿ ತೆಳ್ಳಗಾಗಿ ಹರಿಯುವವರೆಗೆ. ಹೆಂಚಿನ ಮೇಲಿದ್ದದ್ದು ಕಪ್ಪಾಗಿ ಹೊಗೆಯಾಡಿತು. ಅವ್ವ ರೊಟ್ಟಿ ಸುಟ್ಟದ್ದನ್ನು ನಾನು ನೋಡಿದವಳೇ ಅಲ್ಲ. ಸಿಸ್ಟರ್ ಎದ್ದು ಅದನ್ನು ತೆಗೆದು ಬದಿಗಿಟ್ಟರು.

ಅವ್ವ ನನ್ನನ್ನು ಕೇಳಲಿಲ್ಲ. ಸಿಸ್ಟರನ್ನು ಕೇಳಿದಳು: "ನಾ ಹಾಕಿದ ಹನಿಯಿಂದ ಕೂಸಿಗಿ ಬಂತೇನ್ರಿ?"

"ಬಂದಿರಲಿಕ್ಕಿಲ್ರಿ ದೊಡ್ಡಮ್ಮಾ. ನಿಮ್ಮ ಮಗಳು ಗುಳಿಗಿ ತಪ್ಪಿಸಿಲ್ಲ, ಆಕಿ ರಕ್ತದಾಗ ಬೇಮಾರಿ ಬಾಳ ಕಮ್ಮಿ ಆಗೈತಿ. ಆದ್ರ ಪರೀಕ್ಷೆ ಆಗೋತನಕ ಪಕ್ಕಾ ಇಲ್ಲ ಅಂತ ನನ್ನ ಬಾಯಿಂದ ಹೇಳಂಗಿಲ್ಲ. ಸುಳ್ಳ್ ಹೇಳಿ ಹೋದ್ರ ನಾಳೆ ನೀವು ನನ್ನ ಮಾತು ನಂಬಂಗಿಲ್ಲ."

ಅವ್ವ ತಲೆಯಾಡಿಸಿದಳು. ಕೈ ತೊಳೆದು ಬಂದು ನನ್ನ ಮಗ್ಗುಲಲ್ಲಿ ಕೂತು, "ಒಬ್ಬಾಕೀನ ಇಷ್ಟ್ ದಿನ ಹೊತ್ತಿಯಲ್ಲಬೇ ಹುಚ್ಚಿ" ಎಂದಳು. ನನ್ನ ತಲೆ ತನ್ನ ತೊಡೆಗೆ ಎಳೆದುಕೊಂಡಳು. ನಾನು ಅಲ್ಲೇ ನಿದ್ದೆ ಹೋದೆ. ಎಚ್ಚರಾದಾಗ ಸಿಸ್ಟರ್ ಹೊರಟುಹೋಗಿದ್ದರು. ಬುತ್ತಿಗೆಂದು ಹತ್ತು ರೊಟ್ಟಿ ಕಟ್ಟಿ ಕೊಟ್ಟಿದ್ದಾಗಿ ಅವ್ವ ಹೇಳಿದಳು.

ಆ ದಿನದಿಂದ ಕೂಸಿನ ಬಾಯಿಗೆ ಕಾವಲು ಅವ್ವನೇ. ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಜನ, ಆಕೆ ಕೂಸನ್ನು ಯಾರ ಕೈಗೂ ಕೊಡಲಿಲ್ಲ. ಮುದುಕಿಗೆ ಮೊಮ್ಮಗಳ ಹುಚ್ಚು ಹಿಡಿದಿದೆ ಎಂದು ನಕ್ಕರು.

ಆರು ವಾರಕ್ಕೆ ಕೂಸಿನ ಮೊದಲ ಪರೀಕ್ಷೆ. ಮುದಗಲ್ಲಿನಿಂದ ಮಸ್ಕಿ, ಅಲ್ಲಿಂದ ಸಿಂಧನೂರು. ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ತಾಸು ಕಾದೆವು. ಉರಿಬಿಸಿಲು, ಕೂಸು ಒಂದೇ ಸಮ ಅಳುತ್ತಿತ್ತು. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು, ಪಾಪ ಒಳ್ಳೆಯವಳೇ, ಸಂಚಿಯಿಂದ ಕಲ್ಲುಸಕ್ಕರೆ ತೆಗೆದು, "ಬಾಯಿಗೊಂದು ಚೂರು ಹಚ್ಚ್ರಿ, ಸುಮ್ಮಾಗ್ತೈತಿ" ಎಂದು ಕೈ ತಂದೇಬಿಟ್ಟಳು. ಅವ್ವ ತಟ್ಟನೆ ಅಂಗೈ ಅಡ್ಡ ಹಿಡಿದು ಅಂದಳು:

"ಬ್ಯಾಡವ್ವಾ. ಹರಕಿ ಐತಿ."

"ಹರಕಿ?"

"ಹೂಂ. ಆರು ತಿಂಗಳು ಹಡದವ್ವನ ಹಾಲು ಬಿಟ್ರ ಏನೂ ಬಾಯಿಗಿ ಮುಟ್ಟಸಂಗಿಲ್ಲಂತ ಬೇಡ್ಕೊಂಡೀನಿ."

ಆ ಹೆಣ್ಣುಮಗಳು ಸಕ್ಕರೆ ಹಿಂದಕ್ಕೆ ತೆಗೆದುಕೊಂಡು, ಕೂಸಿನ ಕಡೆ ಕೈ ಮುಗಿದಳು. ಬಸ್ಸಿನಲ್ಲಿ ಕೂತ ಮೇಲೆ ನಾನು, "ಯಾವಾಗ ಹೊತ್ತಿ ಹರಕಿ?" ಎಂದು ಕೇಳಿದೆ. "ಈಗ" ಎಂದಳು.

ವೈದ್ಯರು ಹೇಳಿದ್ದಾರೆ ಎಂದರೆ ನಮ್ಮ ಕಡೆ ಹತ್ತು ಮಂದಿ ವಾದಕ್ಕೆ ನಿಲ್ಲುತ್ತಾರೆ. ಹರಕೆ ಎಂದರೆ ಒಬ್ಬರೂ ತುಟಿ ಬಿಚ್ಚುವುದಿಲ್ಲ. ಕತ್ತೆಯವಳು ಮತ್ತೆ ಬಂದಾಗ ಅವ್ವ ಅದನ್ನೇ ಹೇಳಿದಳು. ಅತ್ತೆ ಗುಟ್ಟಿಯ ಸಾಮಾನು ಕಟ್ಟಿಕೊಂಡು ಮುಕ್ಕುಂದದಿಂದ ಬಂದಾಗಲೂ ಅದನ್ನೇ. "ಯಾವ ದೇವ್ರಿಗಿ?" ಎಂದು ಅತ್ತೆ ಕೇಳಿದರೆ, "ಮನಿ ದೇವ್ರಿಗಿ. ಹೆಸರು ಹೇಳಿದ್ರ ಫಲ ಸಿಗಂಗಿಲ್ಲ" ಎಂದುಬಿಟ್ಟಳು. ಅತ್ತೆ ಗಂಟು ಬಿಚ್ಚಲೇ ಇಲ್ಲ. ಸಿಸ್ಟರಿಗೆ ಈ ಸುದ್ದಿ ಹೇಳಿದಾಗ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಈಗ ಬೇರೆ ಬಸುರಿಯರಿಗೂ, "ಏನೂ ತಿಳೀದಿದ್ರ ಹರಕಿ ಅಂತ ಹೇಳು" ಎಂದು ಕಿವಿಯಲ್ಲಿ ಹೇಳುತ್ತಾರಂತೆ.

ಆರು ವಾರದ ಪರೀಕ್ಷೆ ಎಂದರೆ ಅಂಗಾಲಿಗೆ ಸೂಜಿ ಚುಚ್ಚಿ, ರಕ್ತದ ಹನಿಯನ್ನು ಕಾಗದದ ಮೇಲೆ ಇಳಿಸುವುದು. ಕಾಗದ ದೂರದ ಊರಿಗೆ ಹೋಗುತ್ತದೆ, ಉತ್ತರ ಬರಲು ವಾರಗಳು ಹಿಡಿಯುತ್ತವೆ. ಆ ವಾರಗಳ ಬಗ್ಗೆ ಏನು ಬರೆಯಲಿ? ಕೂಸು ಸೀನಿದರೆ ಇಬ್ಬರೂ ಏಳುತ್ತಿದ್ದೆವು. ಹಾಲು ಕುಡಿಸುವಾಗ ನನ್ನ ಎದೆಯನ್ನೇ ನಾನು ಅನುಮಾನದಿಂದ ನೋಡುತ್ತಿದ್ದೆ. ಅವ್ವನದು ಇನ್ನೊಂದು ಥರ. ರೊಟ್ಟಿ ಬಡಿಯುತ್ತಿದ್ದವಳು ಒಮ್ಮೊಮ್ಮೆ ಕೈ ನಿಲ್ಲಿಸಿ, "ಎರಡ ಹನಿ ನೋಡು" ಅನ್ನುತ್ತಿದ್ದಳು, ಯಾರಿಗೆ ಹೇಳುತ್ತಿದ್ದಳೋ.

ಮೊದಲ ಉತ್ತರ, ಇಲ್ಲ ಎಂದು ಬಂತು. ಕುಣಿಯುತ್ತೇನೆ ಎಂದುಕೊಂಡಿದ್ದೆ. ಸಿಸ್ಟರ್ ತಕ್ಷಣ, "ಇದು ಮೊದಲ್ನೇದು. ಹಾಲು ಕುಡಿಯೋತನಕ ಕಾಯಬೇಕು" ಎಂದರು. ಆರು ತಿಂಗಳಿಗೆ ಮತ್ತೆ ಅಂಗಾಲು, ಮತ್ತೆ ವಾರಗಳು. ವರ್ಷಕ್ಕೆ ಮತ್ತೆ. ನಾನು ಮುಕ್ಕುಂದಕ್ಕೆ ಮರಳಿದೆ, ಮಷಿನ್ನು ಹೊತ್ತಿಗೆ ಸರಿಯಾಗಿ ತೆಲಂಗಾಣಕ್ಕೆ ಹೋಯಿತು, ಬಂತು. ಹರಕೆಯ ಅವಧಿ ಮುಗಿದು ಕೂಸು ಗಂಜಿ ಕುಡಿಯಿತು, ರೊಟ್ಟಿ ಚೂರು ಚೀಪಿತು. ಅವ್ವ ಮಾತ್ರ ಊರಿಗೆ ಬಂದಾಗಲೆಲ್ಲ, ಬೆಲ್ಲದ ಚೂರು ಕೈಯಲ್ಲಿ ಹಿಡಿದು, "ಕೊಡ್ಲೇನಬೇ?" ಎಂದು ನನ್ನನ್ನು ಕೇಳುತ್ತಿದ್ದಳು. "ಕೊಡು ಅವ್ವಾ, ಈಗ ಏನೂ ಆಗಂಗಿಲ್ಲ" ಎಂದರೂ, ಇನ್ನೊಮ್ಮೆ ಕೇಳಿ ಕೊಡುತ್ತಿದ್ದಳು.

ಸಿಸ್ಟರೂ ದಣಿದಿದ್ದರು. ಒಂದು ಸಲ ಬೇಗ ಹೋದಾಗ, ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತೇ ನಿದ್ದೆ ಮಾಡುತ್ತಿದ್ದರು, ಕೈಯಲ್ಲಿ ಪೆನ್ನು ಹಾಗೇ ಇತ್ತು. ಹೊರಗೆ ಬಂದು ಕೂತೆ. ನನ್ನ ಹಿಂದೆ ಬಂದ ಇಬ್ಬರಿಗೂ ಸನ್ನೆ ಮಾಡಿ ಕೂರಿಸಿದೆ. ಹತ್ತು ನಿಮಿಷ ಯಾರೂ ಬಾಗಿಲು ತಟ್ಟಲಿಲ್ಲ.

ಹದಿನೆಂಟು ತಿಂಗಳಿಗೆ ಕೊನೆಯ ಪರೀಕ್ಷೆ. ಅಷ್ಟರಲ್ಲಿ ಮಗಳಿ‌ಗೆ ಹಾಲು ಬಿಡಿಸಿದ್ದೆ. ಇದರಲ್ಲಿ ಇಲ್ಲ ಎಂದರೆ ಇಲ್ಲ, ಇದೆ ಎಂದರೆ ಇದೆ, ಮತ್ತೆ ಕೇಳುವುದಿಲ್ಲ. ಅವ್ವ ಹೇಳದೆ ಕೇಳದೆ ಮುದಗಲ್ಲಿನಿಂದ ಮೊದಲ ಬಸ್ಸಿಗೆ ಬಂದು, ನಮಗಿಂತ ಮುಂಚೆಯೇ ವರಾಂಡದಲ್ಲಿ ಕೂತಿದ್ದಳು. ನಮ್ಮ ಮನೆಯವರೂ ಒಳಗೆ ಬಂದು ಗೋಡೆಗೆ ಒರಗಿ ನಿಂತರು. ಮಗಳು ವರಾಂಡದ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು, ಕಂಡವರ ಚಪ್ಪಲಿ ಎತ್ತಿ ಕಂಡವರಿಗೆ ಕೊಡುತ್ತಿತ್ತು.

ರಕ್ತ ತೆಗೆದುಕೊಂಡರು. ಕಾಯಿರಿ ಎಂದರು. ಕಾದೆವು. ನಮ್ಮ ಮೂವರಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಬಾಗಿಲು ತೆರೆದು ಎಸ್ತರ್ ಸಿಸ್ಟರ್ ನಮ್ಮನ್ನು ಒಳಗೆ ಕರೆದರು. ಬಾಗಿಲು ಮುಚ್ಚಿದರು. ನನಗಲ್ಲ, ನೇರ ಅವ್ವನಿಗೆ ಹೇಳಿದರು:

"ದೊಡ್ಡಮ್ಮಾ, ನಿಮ್ಮ ಮೊಮ್ಮಗಳಿಗಿ ಏನೂ ಇಲ್ಲ. ಪಕ್ಕಾ. ಇನ್ನ ಈಕಿ ನಮ್ಮ ದವಾಖಾನಿಗಿ ಇದಕ್ಕಂತ ಬರೋದು ಬ್ಯಾಡ."

ನಮ್ಮ ಮನೆಯವರು ಮುಖ ಗೋಡೆಗೆ ತಿರುಗಿಸಿದರು. ನಾನು ಅಲ್ಲೇ ನೆಲದ ಮೇಲೆ ಕೂತೆ. ಅಳು ಬರಲಿಲ್ಲ, ನಗು ಬರಲಿಲ್ಲ. ದೊಡ್ಡ ಗಂಟು ಇಳಿಸಿದ ಮೇಲೆ ಹೆಗಲು ಕೆಲ ಹೊತ್ತು ಹಾಗೇ ನೋಯುತ್ತದಲ್ಲ, ಅಷ್ಟೇ.

ಅವ್ವ ಮಾತ್ರ ಕದಲಲಿಲ್ಲ. ಮೊಮ್ಮಗಳನ್ನು ನೋಡಲಿಲ್ಲ. ಸಿಸ್ಟರ ಮುಖವನ್ನೇ ನೋಡುತ್ತಿದ್ದಳು, ಇನ್ನೂ ಏನೋ ಹೇಳುವುದು ಬಾಕಿ ಇದೆ ಎನ್ನುವ ಹಾಗೆ.

"ಇಕಿ ಮಗಳದಾತ್ರಿ" ಎಂದಳು ಕೊನೆಗೆ, ನನ್ನ ತಲೆಯ ಮೇಲೆ ಕೈಯಿಟ್ಟು. "ನನ್ನ ಮಗಳದು ಯಾವಾಗ ಆರಾಮ ಆಗ್ತೈತ್ರಿ?"

ಇಷ್ಟು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಸಿಸ್ಟರ್ ಕುರ್ಚಿ ಎಳೆದುಕೊಂಡು ಅವ್ವನ ಮಗ್ಗುಲಿಗೆ ಕೂತರು.

"ಹೋಗಂಗಿಲ್ರಿ ಅದು. ಸುಳ್ಳ್ ಹೇಳಂಗಿಲ್ಲ. ಆದ್ರ ಗುಳಿಗಿ ಬಿಡಲಿಲ್ಲಂದ್ರ ಎಲ್ಲಾರಂಗ ಬದುಕ್ತಾಳ. ಮುದುಕಿ ಆಗ್ತಾಳ."

"ನನಕಿಂತ ಮೊದ್ಲ ಹೋಗಂಗಿಲ್ಲಲ್ರಿ?"

"ಇಲ್ರಿ. ನಾ ಇರೋತನಕ ಬೆನ್ನು ಹತ್ತಿರ್ತೀನಿ."

"ಹಂಗಾರ ಸಾಕ್ರಿ" ಎಂದಳು ಅವ್ವ. ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಏಳು, ಈ ತಿಂಗಳದ ಗುಳಿಗಿ ತಗೊಂಡಿಯೇನಬೇ?"

ತೆಗೆದುಕೊಂಡಿರಲಿಲ್ಲ. ಗುಳಿಗೆ ಕೊಡುವ ಕಿಟಕಿಯ ಮುಂದೆ ಸಾಲು ಉದ್ದವಿತ್ತು. ಅವ್ವ ನನ್ನನ್ನು ಬೆಂಚಿಗೆ ಕೂರಿಸಿ, ನನ್ನ ಕಾರ್ಡು ಹಿಡಿದುಕೊಂಡು ತಾನೇ ಹೋಗಿ ಸಾಲಿನ ಕೊನೆಗೆ ನಿಂತಳು.